ಮಂಜೇಶ್ವರದಲ್ಲಿ ನೋಂದಣಿ ಆಗುವುದಿಲ್ಲ, ಆದರೆ ಬೇರೆ ದಾರಿಗಳಿವೆ

ತಂಗಿ ಮತ್ತು ಅವಳ ಗೆಳತಿ ಒಬ್ಬರನ್ನೊಬ್ಬರು ಮದುವೆಯಾಗಿ ಕೇರಳದ ಮಂಜೇಶ್ವರದಲ್ಲಿ ನೋಂದಣಿ ಮಾಡಿಸಬಹುದಾ, 'ಮೊದಲು ಜನ ಬದಲಾಗಲಿ, ಕಾನೂನು ಆಮೇಲೆ' ಅನ್ನುವ ಮಾವನಿಗೆ ಏನು ಹೇಳಲಿ ಎಂದು ಕೇಳಿದ್ದೀರಿ.

ನೋಂದಣಿ ಸದ್ಯಕ್ಕೆ ಆಗುವುದಿಲ್ಲ. ತಲಪಾಡಿ ಗಡಿ ದಾಟಿ ಕರ್ನಾಟಕದ ಮಂಗಳೂರಿಗೆ ಹೋದರೂ ಅದೇ ಉತ್ತರ. ಇಂಥ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತು. ಮದುವೆಯ ಪ್ರಶ್ನೆಯನ್ನು ಮಾತ್ರ 2023ರ ಅಕ್ಟೋಬರಿನಲ್ಲಿ ಸಂಸತ್ತಿಗೆ ಬಿಟ್ಟಿತು.

ಆದರೆ ಒಟ್ಟಿಗೆ ಇರುವುದನ್ನು ಯಾರೂ ತಡೆಯುವ ಹಾಗಿಲ್ಲ. ಮನೆಯವರು ಬೇರೆ ಮಾಡಿದ್ದ ಇಬ್ಬರು ಯುವತಿಯರಿಗೆ 2022ರಲ್ಲಿ ಕೇರಳ ಹೈಕೋರ್ಟೇ ಜೊತೆಗಿರಲು ಬಿಟ್ಟಿದೆ. ಜಂಟಿ ಬ್ಯಾಂಕ್ ಖಾತೆಗೆ, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಸರಕಾರ 2024ರಲ್ಲಿ ಸ್ಪಷ್ಟಪಡಿಸಿದೆ. ಉಯಿಲು ಮಾತ್ರ ಬರೆಸಿಡಲಿ. ಅದಿಲ್ಲದಿದ್ದರೆ ಆಸ್ತಿ ಮನೆಯವರ ಪಾಲಾಗುತ್ತದೆ.

ಇನ್ನು ಮಾವ. ಅವರಿಗೆ ನಮ್ಮೂರಿನದೇ ಕಥೆ ಹೇಳಿ. ಅಳಿಯಸಂತಾನ, ಮರುಮಕ್ಕತ್ತಾಯದ, ಅಂದರೆ ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಮನೆಗಳ ಮದುವೆಯನ್ನು ಬ್ರಿಟಿಷರ ಕಾಲದ ಕೋರ್ಟು ಮದುವೆ ಎಂದೇ ಒಪ್ಪುತ್ತಿರಲಿಲ್ಲ. ಊರಿನವರ ಕಣ್ಣಿಗೆ ಅವರು ಗಂಡ ಹೆಂಡತಿಯೇ! 1896ರಲ್ಲಿ ನೋಂದಣಿಗೆ ಕಾಯ್ದೆ ಬಂತು, ಬಳಸಿದವರು ತೀರಾ ಕಡಿಮೆ. ಮರುಮಕ್ಕತ್ತಾಯದವರಿಗೆ ಸರಿಯಾದ ಕಾನೂನು ಸಿಕ್ಕಿದ್ದು 1933ರಲ್ಲಿ, ಅಳಿಯಸಂತಾನದವರಿಗೆ 1949ರಲ್ಲಿ. ಅಂದರೆ ಒಮ್ಮೆ ಜನ ಮುಂದೆ, ಒಮ್ಮೆ ಕಾನೂನು ಮುಂದೆ. ಜನ ಬಳಸಲಿಲ್ಲ ಎಂದು 1896ರ ಕಾಯ್ದೆಯಿಂದ ಯಾರಿಗೂ ನಷ್ಟವಾಗಲಿಲ್ಲ, ಅಲ್ವಾ? ಕಾನೂನು ಮೊದಲೇ ಬಂದರೆ ಬೇಕಾದವರು ಬಳಸುತ್ತಾರೆ, ಬೇಡದವರು ಸುಮ್ನಿರುತ್ತಾರೆ. ಕಾಯಿರಿ ಎನ್ನುವುದು ಕಾಯಬೇಕಿಲ್ಲದವರಿಗೆ ಸುಲಭ. ಇದನ್ನು ಮಾವನ ಎದುರು ಸ್ವಲ್ಪ ಮೆತ್ತಗೆ ಹೇಳಿ, ತಂಗಿ ಓಣಂಗೆ ಮನೆಗೆ ಬರುವವಳಲ್ವಾ.