ತೂತು ಬೀಳಲೆಂದೇ ಇಟ್ಟ ತಗಡು

ಪ್ರಶ್ನೆ: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಕವಚ ಬರೀ 2 ಮಿ.ಮೀ. ಅಲ್ಯೂಮಿನಿಯಂ ತಗಡಂತೆ. ಬಂದೂಕಿನ ಗುಂಡಿಗಿಂತ ಹತ್ತು ಪಟ್ಟು ವೇಗದಲ್ಲಿ ಬರುವ ಬಾಹ್ಯಾಕಾಶ ಕಸವನ್ನು (ಹಳೆಯ ಉಪಗ್ರಹ, ರಾಕೆಟ್‌ಗಳ ಚೂರುಗಳನ್ನು) ಅದು ತಡೆಯುವುದು ಹೇಗೆ? (ಓದುಗರು, ಹಾಸನ)

ಉತ್ತರ: ತಡೆಯುವುದಿಲ್ಲ, ತೂತು ಬಿದ್ದೇ ಬೀಳುತ್ತದೆ. ಚೂರನ್ನು ಪುಡಿ ಮಾಡುವುದಷ್ಟೇ ಆ ತಗಡಿನ ಕೆಲಸ. ಪುಡಿಯನ್ನು ಹಿಡಿಯುವುದು ಹಿಂದಿನ ಗೋಡೆ. ಅಮೆರಿಕದ ಖಗೋಳ ವಿಜ್ಞಾನಿ ಫ್ರೆಡ್ ವಿಪಲ್ 1947ರಲ್ಲೇ ಸೂಚಿಸಿದ್ದ ಉಪಾಯವಿದು.

ಅಲ್ಲಿ ಎದುರಾಗುವ ಕಸದ ವೇಗ ಸರಾಸರಿ ಸೆಕೆಂಡಿಗೆ 10 ಕಿ.ಮೀ. ಆ ವೇಗದ 1 ಗ್ರಾಂ ಚೂರಿನ ಚಲನಶಕ್ತಿ 50 ಕಿಲೋಜೂಲ್. ರೈಫಲ್ ಗುಂಡಿನದು ಸುಮಾರು ಮೂರೂವರೆ. ಆದರೆ ಈ ವೇಗವೇ ಚೂರಿಗೆ ಮುಳುವು. ಕೇರಂ ಬೋರ್ಡಿನಲ್ಲಿ ತಾಗಿಸಿಟ್ಟ ಕಾಯಿಗಳ ಸಾಲಿಗೆ ಸ್ಟ್ರೈಕರ್ ಹೊಡೆದರೆ ಕೊನೆಯ ಕಾಯಿ ಸಿಡಿಯುತ್ತದಲ್ಲ? ಕಾಯಿಗಳನ್ನು ಅಂಟಿಸಿದ್ದರೆ ಆ ಅಂಟು ಕಿತ್ತುಬರುತ್ತಿತ್ತು. ಇಲ್ಲೂ ಅಷ್ಟೆ: ತಗಡಿಗೆ ಬಡಿದಾಗ ಹುಟ್ಟಿದ ಆಘಾತ ತರಂಗ ಚೂರಿನೊಳಗೆ ಸಾಗಿ, ಬೆನ್ನು ಮುಟ್ಟಿ, ಎಳೆತವಾಗಿ ಹಿಂತಿರುಗುತ್ತದೆ. ಒತ್ತಿದರೆ ತಾಳುವ ಲೋಹ ಈ ಎಳೆತಕ್ಕೆ ಹರಿದುಹೋಗುತ್ತದೆ. ಆಘಾತದ ಒತ್ತಡ ಇಳಿದರೂ ಅದರಿಂದ ಹುಟ್ಟಿದ ಬಿಸಿ ಉಳಿಯುತ್ತದೆ. ಸೆಕೆಂಡಿಗೆ 7 ಕಿ.ಮೀ. ದಾಟಿದರೆ ಅಲ್ಯೂಮಿನಿಯಂ ಚೂರು ಬಹುಪಾಲು ಕರಗಿ, ಹನಿ-ಆವಿಗಳ ಮೋಡವಾಗುತ್ತದೆ.

ಮೋಡಕ್ಕೆ ಹರಡಲು ಜಾಗ ಬೇಕು. ಅಂತರ ಎರಡು ಪಟ್ಟಾದರೆ ಪೆಟ್ಟು ಬೀಳುವ ವಿಸ್ತೀರ್ಣ ನಾಲ್ಕು ಪಟ್ಟು. ನಿಲ್ದಾಣದ ಮುಂಬದಿಯ ಕವಚದಲ್ಲಿ ತಗಡಿಗೂ 4.8 ಮಿ.ಮೀ. ಒಳಗೋಡೆಗೂ ನಡುವೆ ಸುಮಾರು 11 ಸೆಂ.ಮೀ. ಬಿಟ್ಟು, ಆ ಜಾಗದಲ್ಲಿ ನೆಕ್ಸ್‌ಟೆಲ್ ಎಂಬ ಸೆರಾಮಿಕ್ ಬಟ್ಟೆಯ 6 ಪದರ, ಅದರ ಹಿಂದೆ ಕೆವ್ಲಾರ್ ಎಂಬ ಗಟ್ಟಿ ನಾರಿನ ಬಟ್ಟೆಯ 6 ಪದರ ಇಟ್ಟಿದ್ದಾರೆ. ಮೊದಲನೆಯದು ಉಳಿದ ಚೂರನ್ನು ಮತ್ತೆ ಒಡೆಯಲು, ಎರಡನೆಯದು ಹಿಡಿಯಲು. ಗೋಲಿಗಿಂತ ತುಸು ಸಣ್ಣದಾದ, 1.3 ಸೆಂ.ಮೀ. ವ್ಯಾಸದ ಅಲ್ಯೂಮಿನಿಯಂ ಉಂಡೆಯ ತನಕ ಇದು ತಾಳುತ್ತದೆ. 10 ಸೆಂ.ಮೀ.ಗಿಂತ ದೊಡ್ಡದನ್ನು ರಾಡಾರ್ ಮೊದಲೇ ಗುರುತಿಸುತ್ತದೆ, ನಿಲ್ದಾಣವೇ ಪಕ್ಕಕ್ಕೆ ಸರಿಯುತ್ತದೆ. ಇವೆರಡರ ನಡುವಿನ ಗಾತ್ರದ್ದೇ ತಲೆನೋವು.

ನಡುವೆ ಬಟ್ಟೆಯ ಪದರಗಳಿಲ್ಲದ ಸಾದಾ ಕವಚದಲ್ಲಿ ತಗಡಿನ ದಪ್ಪ ಚೂರಿನ ವ್ಯಾಸದ ಸುಮಾರು ಕಾಲು ಭಾಗವಿರಬೇಕು. ತೀರಾ ತೆಳುವಾದರೆ ಆಘಾತ ತರಂಗ ಚೂರಿನ ಬೆನ್ನು ಮುಟ್ಟುವ ಮೊದಲೇ ಸೊರಗುತ್ತದೆ, ಹಿಂಭಾಗ ಇಡಿಯಾಗಿ ನುಗ್ಗುತ್ತದೆ. ದಪ್ಪವಾದರೆ ತಗಡಿನದೇ ಚೂರುಗಳು ಗೋಡೆಗೆ ಬಡಿಯುತ್ತವೆ. ಇನ್ನೊಂದು ವಿಚಿತ್ರ: ಸೆಕೆಂಡಿಗೆ 7 ಕಿ.ಮೀ. ವೇಗದ ಚೂರಿಗಿಂತ 3 ಕಿ.ಮೀ. ವೇಗದ್ದು ಹೆಚ್ಚು ಅಪಾಯಕಾರಿ. ಅದು ಒಡೆಯುವುದೇ ಇಲ್ಲ.

ಪ್ರಶ್ನೆ: ಹಾಗಾದರೆ ಬುಲೆಟ್ ಪ್ರೂಫ್ ಜಾಕೆಟ್‌ಗೂ ಎರಡು ತಗಡು, ನಡುವೆ ಜಾಗ ಬಿಟ್ಟರೆ ಸಾಲದೆ? (ಅದೇ ಓದುಗರು)

ಉತ್ತರ: ಸಾಲದು, ಕಾರಣ ಮೇಲೆಯೇ ಇದೆ. ರೈಫಲ್ ಗುಂಡಿನ ವೇಗ ಸೆಕೆಂಡಿಗೆ 1 ಕಿ.ಮೀ. ಕೂಡ ಇಲ್ಲ, ತೆಳು ತಗಡನ್ನು ಅದು ಸಲೀಸಾಗಿ ತೂರಿ ಬರುತ್ತದೆ. ಜಾಕೆಟ್‌ನಲ್ಲಿ ನಡೆಯುವುದು ಗಡಸುತನದ ಲೆಕ್ಕ. ಅಲ್ಯೂಮಿನಾ ಅಥವಾ ಬೋರಾನ್ ಕಾರ್ಬೈಡ್ ಎಂಬ ಗಡಸು ಸೆರಾಮಿಕ್‌ನ ಫಲಕ ಗುಂಡಿನ ಮೊನೆ ಮುರಿದು ಮೊಂಡು ಮಾಡುತ್ತದೆ. ತಾನೂ ಬಿರಿದು, ಪೆಟ್ಟನ್ನು ಶಂಕುವಿನಂತೆ ಅಗಲಿಸುತ್ತದೆ. ಹಿಂದಿನ ಅರಾಮಿಡ್ (ಕೆವ್ಲಾರ್ ಜಾತಿಯ ನಾರು) ಅಥವಾ ಪಾಲಿಎಥಿಲೀನ್ ಪದರ ಚೂರುಗಳನ್ನು ಹಿಡಿಯುತ್ತದೆ. ಬಿರಿದ ಜಾಗಕ್ಕೇ ಎರಡನೇ ಗುಂಡು ಬಿದ್ದರೆ ಭರವಸೆಯಿಲ್ಲ. ಫಲಕ ಕೈಜಾರಿ ನೆಲಕ್ಕೆ ಬಿದ್ದರೂ ಹಾಗೆಯೇ. ಹೊದಿಕೆ ಸರಿಯಾಗಿ ಕಂಡರೂ ಒಳಗಿನ ಬಿರುಕು ಎಕ್ಸ್-ರೇ ತೆಗೆದರೇ ಗೊತ್ತಾಗುವುದು.