ಐವಿಎಫ್ ಮಾಡಿಸಲು ಕೆಲಸ ಬಿಡಬೇಕಾ?

ನಿಮಗೆ 33, ಮುಂದಿನ ತಿಂಗಳು ಐವಿಎಫ್ (ಮೊಟ್ಟೆ ಅಂದರೆ ಅಂಡಾಣುವನ್ನು ಹೊರತೆಗೆದು, ಲ್ಯಾಬಿನಲ್ಲಿ ಭ್ರೂಣ ಮಾಡಿ, ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಶುರು, ಮನೆಯವರೆಲ್ಲ ರಾಜೀನಾಮೆ ಕೊಟ್ಟು ರೆಸ್ಟ್ ತಗೋ ಅನ್ನುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಿಮ್ಮ ಡಾಕ್ಟರ್ ರೆಸ್ಟ್ ಬೇಕೇ ಬೇಕು ಅಂದಿದ್ದರೆ ಮಾತು ಬೇರೆ. ಇಲ್ಲದಿದ್ದರೆ ದಯವಿಟ್ಟು ಬಿಡಬೇಡಿ. ನಾನು ಬಿಟ್ಟಿದ್ದೆ.

ಆಗ ನನಗೆ 34, ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ. ಎಂಬ್ರಿಯೊ (ಭ್ರೂಣ) ಹಾಕಿಸಿಕೊಂಡು ಬಂದ ಮೇಲೆ ರಕ್ತ ಪರೀಕ್ಷೆಯ ದಿನದವರೆಗೆ ಹಾಸಿಗೆ ಬಿಟ್ಟು ಏಳಲಿಲ್ಲ, ಕೆಮ್ಮಲೂ ಭಯ. ರಿಪೋರ್ಟ್ ನೆಗೆಟಿವ್ ಬಂತು. ಹಾಗೆ ಮಲಗಿದರೆ ಗರ್ಭ ನಿಲ್ಲುವುದು ಜಾಸ್ತಿಯಾಗುವುದಿಲ್ಲ ಅಂತ ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದರು. ಅಷ್ಟರಲ್ಲಿ ಸಂಬಳ ಹೋಗಿತ್ತು, ಉಳಿತಾಯ ಕರಗಿತ್ತು. ಎರಡನೇ ಸಲಕ್ಕೆ ದುಡ್ಡು ಹೊಂದಿಸಲು ಕಡಿಮೆ ಸಂಬಳದ ಕೆಲಸ ಹಿಡಿದು ಒಂದೂವರೆ ವರ್ಷ ಕಾಯಬೇಕಾಯಿತು, ಮತ್ತು ಈ ವಿಷಯದಲ್ಲಿ ವಯಸ್ಸು ಯಾರಿಗೂ ಕಾಯುವುದಿಲ್ಲ.

ಎರಡನೇ ಸಲ ಕೆಲಸ ಮಾಡುತ್ತಲೇ ಮಾಡಿಸಿದೆ. ಮೊಟ್ಟೆ ಬೆಳೆಯಲು ಹತ್ತು ಹನ್ನೆರಡು ದಿನ ಇಂಜೆಕ್ಷನ್, ನಡುನಡುವೆ ಸ್ಕ್ಯಾನ್. ಬೆಳಗಿನ ಮೊದಲ ಸ್ಲಾಟ್ ಕೇಳಿ ಪಡೆದುಕೊಂಡೆ. ಇಂಜೆಕ್ಷನ್ ಪೆನ್ನನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಆಫೀಸ್ ಫ್ರಿಜ್ಜಿನಲ್ಲಿ ಮೊಸರನ್ನದ ಪಕ್ಕ ಇಡುತ್ತಿದ್ದೆ, ಸಂಜೆ ಏಳಕ್ಕೆ ಸರಿಯಾಗಿ ಹೊಟ್ಟೆಗೆ ಚುಚ್ಚಿಕೊಂಡು ಬಂದು ಮತ್ತೆ ಸೀಟಿನಲ್ಲಿ ಕೂರುತ್ತಿದ್ದೆ. ಮೊಟ್ಟೆ ತೆಗೆದ ದಿನ ಮತ್ತು ಮಾರನೆ ದಿನ ಮಾತ್ರ ರಜೆ. ಸುಸ್ತಾಗಿತ್ತು, ಸುಳ್ಳು ಹೇಳುವುದಿಲ್ಲ. ಈಗ ಮಗಳಿಗೆ ಮೂರು ವರ್ಷ.

ಮನೆಯಲ್ಲಿ ಯಾರೂ ಹೇಳದ ಒಂದು ವಿಷಯ ಇದೆ. ಹೆರಿಗೆ ರಜೆ 2017ರಿಂದ 26 ವಾರ, ಪೂರ್ತಿ ಸಂಬಳದ ಜೊತೆ. ಆದರೆ ಅದು ಸಿಗಬೇಕಾದರೆ ಹೆರಿಗೆ ದಿನಾಂಕಕ್ಕೆ ಮುಂಚಿನ 12 ತಿಂಗಳಲ್ಲಿ ಅದೇ ಕಡೆ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಈಗ ರಾಜೀನಾಮೆ ಕೊಟ್ಟು ಗರ್ಭ ನಿಂತಿತು ಅಂದುಕೊಳ್ಳಿ, ಆರು ತಿಂಗಳ ಸಂಬಳ ಕೈಯಾರೆ ಬಿಟ್ಟ ಹಾಗೆ ಅಲ್ವಾ? ಹಾಗಾಗದಿರಲಿ, ಆದರೆ ಗರ್ಭಪಾತವಾದರೂ ಆರು ವಾರ ಸಂಬಳದ ರಜೆ ಇದೆ.

ಕೆಲಸಕ್ಕೆ ಹೋಗುವ ಹೆಂಗಸರಿಗೆ ಮಕ್ಕಳು ಬೇಡ ಅನ್ನುವ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಬೆಳಿಗ್ಗೆ ಏಳಕ್ಕೆ ಸ್ಕ್ಯಾನ್ ರೂಮಿನ ಮುಂದೆ ಐಡಿ ಕಾರ್ಡ್ ಹಾಕಿಕೊಂಡೇ ಕೂತು ಗಡಿಯಾರ ನೋಡುವ ಹೆಂಗಸರನ್ನು ನಾನು ದಿನಾ ನೋಡಿದ್ದೇನೆ. ಅವರಿಗೆ ಬೇಕಾಗಿದ್ದುದು ಮಗು, ಜೊತೆಗೆ ಎರಡು ಗಂಟೆ ಪರ್ಮಿಷನ್.

ಎಚ್‌ಆರ್‌ಗೆ ಎಲ್ಲಾ ಬಿಡಿಸಿ ಹೇಳಬೇಕಿಲ್ಲ, ಸಣ್ಣ ಚಿಕಿತ್ಸೆ ಇದೆ ಅಂದರೆ ಸಾಕು. ಎಷ್ಟು ರಜೆ ಉಳಿದಿದೆ ಅಂತ ಇವತ್ತೇ ನೋಡಿಕೊಳ್ಳಿ. ಇಂಜೆಕ್ಷನ್ ಹಾಕಿಕೊಳ್ಳುವ ಬಗ್ಗೆ ಭಯ ಇದ್ದರೆ ಇಲ್ಲೇ ಕೇಳಿ, ಹೇಳುತ್ತೇನೆ.