ತಿಳಿನೀರಿನಲ್ಲೂ ಮೀನು ಸಾಯುವುದೇಕೆ?

ಪ್ರಶ್ನೆ: ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಮತ್ತು ಎತ್ತರದ ಗಾಜಿನ ತೊಟ್ಟಿ ತಂದು, ಕ್ಲೋರಿನ್ ಹೋಗಲೆಂದು ನಲ್ಲಿ ನೀರನ್ನು ಒಂದು ದಿನ ಬಿಟ್ಟು, ಮರುದಿನ ಆರು ಗೋಲ್ಡ್‌ಫಿಶ್ ಬಿಟ್ಟೆವು. ನೀರು ತಿಳಿಯಾಗಿಯೇ ಇದ್ದರೂ ವಾರದೊಳಗೆ ನಾಲ್ಕು ಸತ್ತವು. ಕಾರಣವೇನು?
– ಓದುಗರು, ಮೈಸೂರು

ಉತ್ತರ: ನಿಮಗೆ ಎಷ್ಟು ಬೇಸರವಾಗಿರಬೇಕು ಎಂಬುದನ್ನು ಊಹಿಸಬಲ್ಲೆ. ಮೀನಿನ ಮಲ ಹಾಗೂ ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾ ಮೀನಿಗೆ ವಿಷ, ಆದರೆ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೊಂದು ಅಪಾಯಕಾರಿಯಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನಿಮ್ಮ ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತಿದ್ದು, ಕಿವಿರು ಕೆಂಪೇರಿದ್ದರೆ, ಅಮೋನಿಯಾವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಉಳಿದ ಎರಡನ್ನು ಉಳಿಸಿಕೊಳ್ಳಲು ದಿನವೂ ಕಾಲು ಭಾಗ ನೀರು ಬದಲಿಸಿ, ಆಹಾರವನ್ನು ಚಿಟಿಕೆಗೆ ಇಳಿಸಿ. ಸ್ಪಂಜನ್ನು ನಲ್ಲಿಯ ಕೆಳಗೆ ಎಂದೂ ತೊಳೆಯಬೇಡಿ; ನೀರಿನ ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಮೆಲ್ಲಗೆ ಹಿಂಡಿದರೆ ಸಾಕು.

ಗೋಲ್ಡ್‌ಫಿಶ್ ಹೆಚ್ಚು ಗಲೀಜು ಮಾಡುವ, ದೊಡ್ಡದಾಗಿ ಬೆಳೆಯುವ ಮೀನು. ಸುಮಾರು 55 ಲೀಟರಿನ ನಿಮ್ಮ ತೊಟ್ಟಿ ಅದಕ್ಕೆ ಸಾಲದು. ಇವೆರಡನ್ನು ದೊಡ್ಡ ತೊಟ್ಟಿಯಿರುವವರಿಗೆ ಒಪ್ಪಿಸಿ, ನೀರು ಪರೀಕ್ಷಿಸುವ ಕಿಟ್ ತಂದು ನೋಡಿದಾಗ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ ತೋರಿಸಿದ ಮೇಲೆ ಗಪ್ಪಿ ಎಂಬ ಪುಟ್ಟ ಮೀನಿನ ನಾಲ್ಕೈದು ಗಂಡುಗಳನ್ನಷ್ಟೇ ಬಿಡಿ. ಗಂಡು ಹೆಣ್ಣು ಎರಡೂ ಇದ್ದರೆ ಕೆಲವೇ ತಿಂಗಳಲ್ಲಿ ಮರಿಗಳಿಂದ ತೊಟ್ಟಿ ತುಂಬಿಹೋಗುತ್ತದೆ.